ಫ್ರಿಜ್ಜಿನ ಸೀಸೆ

ಕಮಲಾದೇವಿಯ ಚೀಟಿ ನೋಡಿ ಮೆಡಿಕಲ್ ಸ್ಟೋರಿನವನು ಫ್ರಿಜ್ಜಿನ ಬಾಗಿಲು ತೆರೆದ. ಚೂಡಾಮಣಿಯ ಚೀಟಿ ನೋಡಿ ಡ್ರಾಯರ್ ಎಳೆದ. ಚೂಡಾಮಣಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿದ್ದು ಅಲ್ಲೇ, ಆ ಗಾಜಿನ ಕೌಂಟರಿನ ಮುಂದೆ. ಕತ್ರಿಗುಪ್ಪೆಯ ಡಾಕ್ಟರ್ ವೆಂಕಟಾಚಲ ಅವರ ಕ್ಲಿನಿಕ್ಕಿನಲ್ಲಿ ಒಂದೇ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಕಣ್ಣು ತೋರಿಸಿಕೊಂಡು ಬಂದವರು ಇಬ್ಬರೂ. ಕಾಯಿಲೆಯೂ ಒಂದೇ: ಕಣ್ಣೊಳಗೆ ಪ್ರೆಷರ್ ಏರಿ, ಔಷಧಿ ಬಿಟ್ಟುಕೊಳ್ಳದಿದ್ದರೆ ನೋಟ ಅಂಚಿನಿಂದ ಸವೆಯುತ್ತಾ ಬರುವ ಕಾಯಿಲೆ. ಆದರೂ ಕಮಲಾದೇವಿಗೆ ಸಿಕ್ಕಿದ್ದು ತಣ್ಣಗೆ ಬೆವರುತ್ತಿದ್ದ ಪುಟ್ಟ ಡಬ್ಬಿ, ಐನೂರ ಚಿಲ್ಲರೆ. ಇವಳಿಗೆ ಸಿಕ್ಕಿದ್ದು ನಲವತ್ತು ರೂಪಾಯಿಯ ಸೀಸೆ, ಅದೂ ಅಂಗಡಿಯವನು ಧೂಳು ಒರೆಸಿ ಕೊಟ್ಟದ್ದು.

ಡಾಕ್ಟರು ತನ್ನನ್ನು ನೋಡಿದ ರೀತಿ ಅವಳಿಗೆ ಮತ್ತೆ ಮತ್ತೆ ನೆನಪಾಯಿತು. ದಮ್ಮು, ಉಬ್ಬಸ, ಹಾರ್ಟಿನ ತೊಂದರೆ ಏನಾದರೂ ಇದೆಯಾ ಎಂದು ಕೇಳಿದ್ದರು. ದಿನಾ ಎರಡು ಮಹಡಿ ನೀರು ಹೊತ್ತು ಹತ್ತುತ್ತೇನೆ, ಅಂಥದ್ದೇನೂ ಇಲ್ಲ ಎಂದು ಇವಳು ಜಂಬದಿಂದಲೇ ಹೇಳಿದ್ದಳು. "ಹಂಗಾದ್ರೆ ಇದೇ ಸಾಕಮ್ಮ. ಸುಮ್ನೆ ದುಡ್ಡು ಯಾಕೆ ಸುರೀತೀರಾ?" ಎಂದು ಅವರು ಬರೆದುಕೊಟ್ಟರು. ಆಗ ಅದು ಒಳ್ಳೆಯ ಮಾತೆಂದೇ ಅನ್ನಿಸಿತ್ತು. ಕೌಂಟರಿನ ಮುಂದೆ ನಿಂತಾಗ ಅದೇ ಮಾತು ತಿರುಗಿ ಕುಟುಕಿತು. ಹೂ ಕಟ್ಟಿ ಕಟ್ಟಿ ಹಸಿರು ಹಿಡಿದ ಬೆರಳು, ಬಣ್ಣ ಹೋದ ಸೀರೆ ನೋಡಿ, ಇವಳಿಗೆ ಇಷ್ಟು ಸಾಕು ಅಂದುಕೊಂಡರು ಎಂದೇ ಅವಳು ತೀರ್ಮಾನಿಸಿದಳು. ಕಮಲಾದೇವಿ ಒಳಗೆ ಹೋದಾಗ ಬಾಗಿಲು ಮುಚ್ಚಿಕೊಂಡು ಹತ್ತು ನಿಮಿಷ ಮಾತಾಡಿದ್ದರಲ್ಲ. ಅಲ್ಲಿ ಯಾವ ಮರ್ಯಾದೆ ನಡೆದಿತ್ತೋ ಯಾರಿಗೆ ಗೊತ್ತು.

ಇಬ್ಬರದೂ ಒಂದೇ ವಠಾರ, ಎರಡನೇ ಮಹಡಿಯಲ್ಲಿ ಎದುರು ಬದುರು ಮನೆ. ಕಮಲಾದೇವಿಯ ಮಗ ಪ್ರಸನ್ನ, ಸೊಸೆ ಪದ್ಮಶ್ರೀ ಇಬ್ಬರೂ ಬೆಳಗ್ಗೆ ಆಫೀಸಿಗೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಚೂಡಾಮಣಿ ಮನೆಮನೆಗೆ ವರ್ತನೆ ಹೂವು ಕೊಡುವವಳು. ಕಟ್ಟಿದ ಕನಕಾಂಬರ, ಮಲ್ಲಿಗೆ ಬೆಳಗಿನವರೆಗೆ ಬಾಡದಿರಲೆಂದು ದಿನಾ ಸಂಜೆ ಕಮಲಾದೇವಿಯ ಫ್ರಿಜ್ಜಿನಲ್ಲಿಟ್ಟು ಬರುತ್ತಿದ್ದಳು. ಆ ಹೊತ್ತಿಗೆ ಕಮಲಾದೇವಿ ದೇವಸ್ಥಾನದ ಭಜನೆಗೆ ಹೊರಟಿರುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೂತು ಹೇಳಿಕೊಡುವವಳು ಆಕೆಯೇ, ಉಳಿದವರು ಹಿಂದೆ ಹೇಳುವವರು. ಮನೆಯ ಇನ್ನೊಂದು ಕೀಲಿಕೈ ಚೂಡಾಮಣಿಯ ಸೊಂಟದಲ್ಲೇ ಇರುತ್ತಿತ್ತು. ನಾಲ್ಕು ವರ್ಷದಿಂದ ಹೀಗೇ ನಡೆದಿತ್ತು, ಒಂದು ದಿನವೂ ಯಾರೂ ಯಾರನ್ನೂ ಅನುಮಾನಿಸಿದ್ದಿಲ್ಲ.

ಮೂರು ತಿಂಗಳು ಕಳೆಯುವುದರೊಳಗೆ ಇನ್ನೊಂದು ಸಂಗತಿ ಚೂಡಾಮಣಿಯ ಕಣ್ಣಿಗೆ ಬಿತ್ತು. ಕಮಲಾದೇವಿಯ ರೆಪ್ಪೆಗೂದಲು ಬೆಳೆಯತೊಡಗಿತ್ತು. ಅರವತ್ತೆರಡರ ಹೆಂಗಸಿಗೆ, ತಲೆಯೆಲ್ಲ ನರೆತವಳಿಗೆ, ಹದಿನೆಂಟರ ಹುಡುಗಿಯ ಹಾಗೆ ಉದ್ದನೆಯ ಕಪ್ಪು ರೆಪ್ಪೆ! ಆ ಔಷಧಿಗೆ ಹೀಗೂ ಆಗುತ್ತದಂತೆ, ಡಾಕ್ಟರೇ ಹೇಳಿದರಂತೆ ಎಂದು ಕಮಲಾದೇವಿ ನಾಚಿಕೊಂಡು ನಕ್ಕಳು. ಚೂಡಾಮಣಿಯೂ ನಕ್ಕಳು. ಮನೆಗೆ ಬಂದು ಕನ್ನಡಿಯಲ್ಲಿ ತನ್ನ ಬೋಳು ರೆಪ್ಪೆಗಳನ್ನು ನೋಡಿಕೊಂಡು ಆ ನಗುವನ್ನು ಅಲ್ಲೇ ಒರೆಸಿ ಹಾಕಿದಳು. ರೆಪ್ಪೆಯನ್ನೇ ಇಷ್ಟು ಬೆಳೆಸುವ ಔಷಧಿ ಒಳಗಿನ ಕಣ್ಣನ್ನು ಇನ್ನೆಷ್ಟು ಕಾಪಾಡುತ್ತಿರಬೇಡ! ನಲವತ್ತು ರೂಪಾಯಿಯದು ಏನು ಕಾಪಾಡೀತು? ಹೂವಿನ ತೊಟ್ಟಿಗೂ ದಾರಕ್ಕೂ ವ್ಯತ್ಯಾಸ ಕಾಣದ ದಿನ ಬಂದರೆ ತನ್ನ ಗತಿಯೇನು? ಗಂಡ ಬೋರಯ್ಯನ ಮುಂದೆ ಇದನ್ನೆಲ್ಲ ತೋಡಿಕೊಂಡರೆ, ಕಣ್ಣು ಕಾಣ್ತಿದೆ ತಾನೆ, ಮತ್ತೇನು ಎಂದು ಅವನು ಟೀವಿ ಕಡೆ ತಿರುಗಿದ.

ಮೊದಲ ಸಲ ಆ ಸೀಸೆ ಮುಟ್ಟಿದ್ದು ಒಂದು ಮಂಗಳವಾರ. ಹೂವಿನ ಡಬ್ಬಿ ಇಟ್ಟು ಫ್ರಿಜ್ಜು ಮುಚ್ಚಬೇಕು, ಅಷ್ಟರಲ್ಲಿ ಬಾಗಿಲ ಮೇಲಿನ ಮೊಟ್ಟೆಯಿಡುವ ಗುಳಿ ಕಂಡಿತು. ಆ ಮನೆಯಲ್ಲಿ ಮೊಟ್ಟೆ ತರುವವರು ಯಾರೂ ಇಲ್ಲ, ಹಾಗಾಗಿ ಗುಳಿಯಲ್ಲಿ ಸೀಸೆ ಹಾಯಾಗಿ ಕೂತಿತ್ತು. ಚೂಡಾಮಣಿ ಅದನ್ನು ತೆಗೆದು, ಕತ್ತೆತ್ತಿ, ಎರಡು ಕಣ್ಣಿಗೂ ಒಂದೊಂದು ಹನಿ ಬಿಟ್ಟುಕೊಂಡಳು. ತಣ್ಣಗೆ, ಹಿತವಾಗಿತ್ತು. ತಪ್ಪು ಅಂತ ಅನ್ನಿಸಲಿಲ್ಲವೇ ಎಂದರೆ ಅನ್ನಿಸಿತು, ಆದರೆ ಅದಕ್ಕಿಂತ ಹೆಚ್ಚಾಗಿ ನ್ಯಾಯ ಅನ್ನಿಸಿತು. ಮಾರನೆಯ ದಿನವೂ ಬಿಟ್ಟುಕೊಂಡಳು. ಆಮೇಲೆ ಅದು ಹೂವಿಡುವಷ್ಟೇ ರೂಢಿಯಾಯಿತು. ತನ್ನ ಸೀಸೆಯನ್ನು ತೆಗೆದು ದೇವರ ಪಟದ ಹಿಂದೆ ಇಟ್ಟುಬಿಟ್ಟಳು.

ಇಬ್ಬರ ಕಣ್ಣಿಗೆ ಒಂದೇ ಸೀಸೆ ಎಷ್ಟು ದಿನ ಬಂದೀತು? ತಿಂಗಳು ಮುಗಿಯಲು ಇನ್ನೂ ಎಂಟು ದಿನ ಇರುವಾಗಲೇ ಅದು ಖಾಲಿಯಾಯಿತು. ಅವತ್ತು ಸಂಜೆ ಕಮಲಾದೇವಿ ಭಜನೆಗೆ ಹೋಗದೆ ಇವಳ ಬಾಗಿಲಿಗೆ ಬಂದಳು. ಒಂದು ಮಾತಿಗೆ ಎರಡು ಸಲ ಸೆರಗು ಸರಿಮಾಡಿಕೊಂಡಳು.

"ಚೂಡಾಮಣಿ, ನಿನ್ ಡ್ರಾಪ್ಸ್ ಒಂದ್ ವಾರ ಕೊಡ್ತೀಯಾ? ನಂದು ಮುಗ್ದೋಗಿದೆ. ತಿಂಗಳಿಗೆ ಎರಡು ಸೀಸೆ ಅಂದ್ರೆ ಪದ್ಮಶ್ರೀಗೆ ಹೆಂಗ್ ಹೇಳ್ಲಿ? ಒಂದಕ್ಕೇ ಮುಖ ಗಂಟು ಹಾಕ್ಕೊಂತಾಳೆ."

"ನಿಮ್ಗೆ ನಮ್ಮ ಔಷಧಿ ನಡೆಯುತ್ತಾ ಅಕ್ಕ?" ಚೂಡಾಮಣಿ ಕೊಂಕಾಗಿಯೇ ಕೇಳಿದಳು.

"ಡಾಕ್ಟ್ರು ಬೇಡ ಅಂದಿದ್ರು. ಒಂದ್ ವಾರಕ್ಕೆ ಏನಾಗುತ್ತೆ ಬಿಡು."

ಯಾಕೆ ಬೇಡ ಅಂದಿದ್ದರು ಎಂದು ಚೂಡಾಮಣಿ ಕೇಳಲಿಲ್ಲ. ಕೇಳುವ ಮನಸ್ಸೇ ಇರಲಿಲ್ಲ. ಪಟದ ಹಿಂದಿನಿಂದ ಸೀಸೆ ತೆಗೆದು ಕೊಡುವಾಗ ಅವಳ ಎದೆ ಹಿಗ್ಗಿತ್ತು. ಈಗ ಗೊತ್ತಾಗಲಿ, ನಲವತ್ತು ರೂಪಾಯಿಯ ಹನಿ ಕಣ್ಣಿಗೆ ಬಿದ್ದರೆ ಹೇಗಿರುತ್ತದೆ ಅಂತ! ದಿನಕ್ಕೆರಡು ಸಲ ಹಾಕಿಕೊಳ್ಳಬೇಕು ಎಂದು ಡಾಕ್ಟರಿಗಿಂತ ಗಂಭೀರವಾಗಿ ಹೇಳಿ ಕಳಿಸಿದಳು. ಅವತ್ತು ರಾತ್ರಿ ಎರಡು ಮುದ್ದೆ ಹೆಚ್ಚಿಗೆ ಉಂಡಳು.

ಮಾರನೆಯ ದಿನ ಹನ್ನೊಂದು ಗಂಟೆಗೆ, ಮಧ್ಯಾಹ್ನದ ಸತ್ಯನಾರಾಯಣ ಪೂಜೆಗೆಂದು ಎತ್ತಿಟ್ಟಿದ್ದ ಹಾರ ತರಲು ಹೋದರೆ ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು. ಕಮಲಾದೇವಿ ಅಡುಗೆಮನೆಯ ನೆಲದ ಮೇಲೆ ಕೂತು, ಎರಡೂ ಕೈ ಊರಿ, ಬಾಯಿ ತೆರೆದುಕೊಂಡು ಉಸಿರಿಗೆ ಒದ್ದಾಡುತ್ತಿದ್ದಳು. ಎದೆಯೊಳಗಿಂದ ಸಿಳ್ಳೆಯ ಸದ್ದು ಬರುತ್ತಿತ್ತು. ಮಾತು ಹೊರಡದೆ ಅಕ್ಕಿ ಡಬ್ಬದ ಕಡೆ ಬೆರಳು ತೋರಿಸಿದಳು. ಚೂಡಾಮಣಿ ಡಬ್ಬಕ್ಕೆ ಕೈಹಾಕಿ ತಡಕಾಡಿದಾಗ ಅಕ್ಕಿಯೊಳಗಿಂದ, ದಮ್ಮಿನವರು ಬಾಯಿಗಿಟ್ಟು ಎಳೆದುಕೊಳ್ಳುವ ನೀಲಿ ಬಣ್ಣದ ಪಂಪು ಸಿಕ್ಕಿತು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಸೆರಗು ಸರಿಮಾಡಿಕೊಳ್ಳುವ ಕಮಲಾದೇವಿ, ಅದನ್ನು ಬಿನ್ನಾಣ ಎಂದುಕೊಂಡ ತಾನು, ಎಲ್ಲ ಆ ಕ್ಷಣಕ್ಕೆ ಅವಳ ಮುಂದೆ ಬಂದು ನಿಂತವು. ದಮ್ಮು, ಉಬ್ಬಸ ಇದೆಯಾ ಎಂದು ಡಾಕ್ಟರು ಕೇಳಿದ್ದೂ ನೆನಪಾಯಿತು.

ಪಂಪಿಗೆ ಉಸಿರು ಬಗ್ಗಲಿಲ್ಲ. ಕೆಳಗಿನ ಅಂಗಡಿಯಿಂದ ಪ್ರಸನ್ನನ ಆಫೀಸಿಗೆ ಫೋನ್ ಮಾಡಿಸಿ, ಆಟೋದಲ್ಲಿ ಕೂರಿಸಿಕೊಂಡು ರಿಂಗ್ ರೋಡಿನ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಬನಶಂಕರಿ ಅಮ್ಮನಿಗೆ ಹೊತ್ತ ಹರಕೆ ಎಷ್ಟೆಂದು ಅವಳಿಗೇ ಲೆಕ್ಕವಿರಲಿಲ್ಲ. ಮೂಗಿಗೆ ಮಾಸ್ಕ್ ಹಾಕಿ, ಒಂದು ಇಂಜೆಕ್ಷನ್ ಕೊಟ್ಟ ಮೇಲೆ ಕಮಲಾದೇವಿಯ ತುಟಿಗೆ ಬಣ್ಣ ಬಂತು. ಇನ್ನೊಂದರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನವರು ಹೇಳಿದ್ದನ್ನು ಚೂಡಾಮಣಿ ಗೋಡೆಗೆ ಒರಗಿ ಕೇಳಿದಳು.

ನಾಲ್ಕು ದಿನ ಬಿಟ್ಟು ಪ್ರಸನ್ನನೇ ಇಬ್ಬರನ್ನೂ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದ. ನಲವತ್ತು ರೂಪಾಯಿಯ ಸೀಸೆ ನೋಡಿ, ಇದನ್ನು ಯಾರು ಕೊಟ್ಟರು ಎಂದು ಅವರು ಕಮಲಾದೇವಿಯನ್ನು ಗದರಿದರು. ತಾನೇ ಕೊಂಡುಕೊಂಡೆ ಎಂದಳು ಕಮಲಾದೇವಿ, ಚೂಡಾಮಣಿಯ ಕಡೆ ನೋಡದೆ.

"ನಿಮ್ಮ ಉಸಿರು ಇವರ ಹಾಗೆ ಗಟ್ಟಿಯಾಗಿದ್ದಿದ್ರೆ ನಿಮಗೂ ನಲವತ್ತು ರೂಪಾಯಿದೇ ಬರೀತಿದ್ದೆ. ಮೊದಲು ಬರೆಯೋದೇ ಅದು. ದಮ್ಮಿರೋರಿಗೆ ಅದು ಉಸಿರು ಕಟ್ಟಿಸುತ್ತೆ, ಅಂಥೋರಿಗೆ ಮಾತ್ರ ನಿಮ್ದು," ಎಂದರು ಡಾಕ್ಟರು. ಆಮೇಲೆ ಚೂಡಾಮಣಿಯ ಪ್ರೆಷರ್ ನೋಡಿ ಖುಷಿಪಟ್ಟರು. "ನೋಡಿ, ಎಷ್ಟು ಕಂಟ್ರೋಲ್ ಆಗಿದೆ. ತಪ್ಪದೆ ಹಾಕ್ಕೊಂತಾ ಇದೀರಿ. ಇದನ್ನೇ ಮುಂದುವರಿಸಿ."

ಚೂಡಾಮಣಿಗೆ ಆ ಕತ್ತಲೆ ಕೋಣೆಯ ಸ್ಟೂಲಿನ ಮೇಲೆ ಕೂತಲ್ಲೇ ಭೂಮಿಗಿಳಿದು ಹೋಗಬೇಕು ಅನ್ನಿಸಿತು.

ಸಂಜೆ ಕಮಲಾದೇವಿ ಅವಳನ್ನು ಕೂಗಿ ಕರೆದಳು. ಮಂಚದ ಅಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಹೊಸ ಸೀಸೆ. ದಮ್ಮಿನ ವಿಷಯ ಹೊರಗೆ ಯಾರಿಗೂ ಹೇಳಬೇಡ ಎಂದು ಮೊದಲು ಭಾಷೆ ತೆಗೆದುಕೊಂಡಳು. ಗೊತ್ತಾದರೆ ಭಜನೆಯವರು, ನೀವು ಸುಮ್ಮನೆ ಕೂತು ತಾಳ ಹಾಕಿ ಅಂದುಬಿಡುತ್ತಾರಂತೆ. ಇಪ್ಪತ್ತು ವರ್ಷದ ಮುಂದಿನ ಸಾಲು ಬಿಟ್ಟುಕೊಡಲು ಆಕೆಗೆ ಮನಸ್ಸಿರಲಿಲ್ಲ.

"ಆ ಸೀಸೆ ಅಷ್ಟು ಬೇಗ ಹೆಂಗ್ ಮುಗೀತು ಅಂತ ಯೋಚ್ನೆ ಮಾಡ್ದೆ ಕಣೆ," ಎಂದಳು. "ನಂದೇ ತಪ್ಪು. ಕೈ ನಡುಗುತ್ತಲ್ಲ, ಅರ್ಧ ಕೆನ್ನೆ ಮೇಲೇ ಹೋಗಿರುತ್ತೆ. ಹೂ ಕಟ್ಟೋ ಕೈ ನಿಂದು, ನಡುಗಲ್ಲ. ಇನ್ಮೇಲೆ ನೀನೇ ಹಾಕ್ಬಿಡು, ಒಂದ್ ಹನಿನೂ ದಂಡ ಆಗಲ್ಲ."

ಸೀಸೆ ಮುಗಿಸಿದ್ದು ತಾನೇ ಎಂದು ಹೇಳಲು ಚೂಡಾಮಣಿ ಬಾಯಿ ತೆರೆದಳು. ಕಮಲಾದೇವಿ ಆಗಲೇ ಕತ್ತೆತ್ತಿ, ಕಣ್ಣು ಅಗಲಿಸಿ ಕಾದಿದ್ದಳು. ಇಷ್ಟು ಹತ್ತಿರದಿಂದ ಆ ರೆಪ್ಪೆಗಳನ್ನು ಅವಳು ಎಂದೂ ನೋಡಿರಲಿಲ್ಲ. ಕೆಳಗಿನ ರೆಪ್ಪೆಯನ್ನು ಬೆರಳಲ್ಲಿ ಮೆಲ್ಲಗೆ ಎಳೆದು ಸೀಸೆ ಒತ್ತಿದಳು. ಮೊದಲ ಹನಿ ಕೆನ್ನೆಯ ಮೇಲೆ ಜಾರಿ ಹೋಯಿತು.

"ಬಿತ್ತಾ?" ಎಂದಳು ಕಮಲಾದೇವಿ.

"ಇಲ್ಲ ಅಕ್ಕ. ದಂಡ ಆಯ್ತು."

"ಹೋಗ್ಲಿ ಬಿಡು. ನಿಧಾನಕ್ಕೆ ಹಾಕು."

ಎರಡನೆಯದು ಸರಿಯಾಗಿ ಬಿತ್ತು. ಇನ್ನೊಂದು ಕಣ್ಣಿಗೂ ಬಿತ್ತು. ಚೂಡಾಮಣಿ ಸೀಸೆಯನ್ನು ಮೊಟ್ಟೆಯ ಗುಳಿಯಲ್ಲಿಟ್ಟು, ಫ್ರಿಜ್ಜು ಮುಚ್ಚಿ, ಸೊಂಟದಿಂದ ಕೀಲಿಕೈ ತೆಗೆದು ಕಮಲಾದೇವಿಯ ಮಡಿಲಲ್ಲಿಟ್ಟಳು. ಕಮಲಾದೇವಿ ಕಣ್ಣು ಮುಚ್ಚಿಕೊಂಡೇ ತಡಕಾಡಿ ಅದನ್ನೆತ್ತಿಕೊಂಡು, ಇವಳ ಕೈ ಹುಡುಕಿ, ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.