ನಲವತ್ತು ಮಂದಿಗೆ ಒಬ್ಬನೇ ಅಜ್ಜ

ಪೆನ್ಸಿಲ್ಲಿನ ವಾಸನೆ, ಮೇಜಿನ ಮೇಲೆ ಬಿಳಿ ಹಾಳೆ, ಎದುರಿಗೆ ಪರೀಕ್ಷೆಯ ಮೇಡಂ ಗಡಿಯಾರ ನೋಡುತ್ತಿದ್ದಾರೆ, ಯೋಚಿಸಲು ಒಂದು ನಿಮಿಷ, ಆಮೇಲೆ ಎರಡು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು, ವಿಷಯ ನೀವು ಮೆಚ್ಚುವ ಒಬ್ಬ ಹಿರಿಯರು — ಅಬ್ಬ, ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು, ಧಿಲ್ಲೋನ್ ಸರ್ ಬರೆದು ಕೊಟ್ಟ ಅಜ್ಜ ಇದ್ದಾನಲ್ಲ, ಮೋಗಾದ ನಮ್ಮ ಕೋಚಿಂಗಿನ ನಲವತ್ತು ಮಂದಿಗೂ ಅವನೊಬ್ಬನೇ ಅಜ್ಜ, ನಿವೃತ್ತ ಸುಬೇದಾರ, ಬೆನೆವಲೆಂಟ್, ಇಂಡಿಫ್ಯಾಟಿಗಬಲ್, ಇನ್ನೂ ಆರು ದೊಡ್ಡ ಪದ, ಎಲ್ಲ ಬಾಯಿಪಾಠ. ಕೆನಡಾಕ್ಕೆ ಬೇಕಾದ ಏಳು ಬ್ಯಾಂಡ್ ಅಂಕಕ್ಕೆ ಅರ್ಧ ಕಮ್ಮಿಯಾಗಿ ಎರಡು ಸಲ ಫೇಲಾದವಳು ನಾನು, ನಿನ್ನ ಪದಗಳು ಚಿಕ್ಕವು ಜಪನೀತ್, ಹಾಲು ಮಾರೋರ ಪದ, ಈ ಸಲಾನೂ ಹೋಯ್ತು ಅಂದ್ರೆ ಕೆನಡಾ ಮರೆತು ಬೆರಣಿ ತಟ್ಟು ಅಂದಿದ್ದರು ಸರ್, ಆ ಉರಿಗೇ ಅಲ್ಲವೆ ಮನೆಯೆಲ್ಲ ಹಳದಿ ಚೀಟಿ ಅಂಟಿಸಿದ್ದು, ಮಜ್ಜಿಗೆ ಮಡಕೆಗೊಂದು ಪದ, ಮಂಚಕ್ಕೊಂದು, ಎಮ್ಮೆಯ ಕೊಂಬಿಗೂ ಒಂದು, ಅದು ತಲೆ ಕೊಡವಿ ಬೀಳಿಸಿ ತಿಂದೇ ಬಿಟ್ಟಿತು, ಬೇಬೇ ನಕ್ಕು ನಕ್ಕು ಸುಸ್ತು, ಅಪ್ಪನ ಅಮ್ಮ, ಅಕ್ಷರ ಬಾರದವಳು, ಕಣ್ಣಿಗೆ ಪೊರೆ ಬೇರೆ, ನಿನಗಿಂತ ಮೊದ್ಲು ಎಮ್ಮೆ ಕೆನಡಾ ಸೇರುತ್ತೆ ಕಣೇ ಪುತ್ತ — ಆಮೇಲೆ ದುಪಟ್ಟಾದ ಅಂಚು ಮುಂದೆ ಹಿಡಿದು, ಎಲ್ಲಕ್ಕೂ ಅಂಟಿಸ್ದೆ, ನನಗೊಂದು ಬೇಡ್ವಾ, ಬೆನೆವಲೆಂಟ್ ಬರೆಯಹೋದೆ, ಅದು ಸುಬೇದಾರನದು, ಮೂರು ಸಾವಿರ ಪದ ಕಲಿತ ನನಗೆ ಅವಳಿಗೆ ಹೊಂದುವ ಒಂದೂ ಸಿಗಲಿಲ್ಲ, ಖಾಲಿ ಚೀಟಿಯನ್ನೇ ಅಂಟಿಸಿದೆ, ಏನೇ ಬರ್ದೆ, ದೊಡ್ಡ ಪದ ಬೇಬೇ, ತುಂಬಾ ದೊಡ್ಡದು — ಬಿದ್ದೀತೆಂದು ಪಿನ್ನು ಚುಚ್ಚಿಕೊಂಡು ಓಣಿಗೆಲ್ಲ ತೋರಿಸಿ ಬಂದಳು, ಚಾಚೀಜಿ, ಇದ್ರಲ್ಲಿ ಏನೂ ಇಲ್ವಲ್ಲ ಅಂದಳಂತೆ ಮೇಷ್ಟರ ಹೆಂಡತಿ, ನಿನ್ ಕಣ್ಣಿಗೆ ಕಾಣಲ್ಲ ಬಿಡೇ, ಅದು ದೊಡ್ಡ ಇಂಗ್ಲಿಷು, ಅಂದಳಂತೆ ಇವಳು, ಹೇಳುವಾಗ ಎಷ್ಟು ಜಂಬ, ನಾನು ನಕ್ಕೆ, ಈಗ ನಾಚಿಕೆಯಾಗುತ್ತಿದೆ, ಸುಬೇದಾರನನ್ನು ಒಪ್ಪಿಸಿದರೆ ಏಳು ಬ್ಯಾಂಡ್ ಕೈಯಲ್ಲಿ, ಬೇಬೇಯನ್ನು ಹೇಳಹೊರಟರೆ ಬರುವುದು ಹಾಲು ಮಾರೋರ ಪದಗಳೇ, ನಾಲ್ಕಕ್ಕೆ ಎದ್ದಳು, ಹಾಲು ಕರೆದಳು, ಉಣಿಸಿದಳು, ನನಗೆ ಜ್ವರ ಬಂದಾಗ ಮಲಗಲಿಲ್ಲ, ಇದಕ್ಕೆ ಯಾರು ಏಳು ಕೊಡುತ್ತಾರೆ, ಹೊರಗೆ ಬೇವಿನ ಕೆಳಗೆ ಪರಾಠಾ ಗಂಟು ಮಡಿಲಲ್ಲಿಟ್ಟು ಕೂತಿದ್ದಾಳೆ, ಇವತ್ತೂ ಪಿನ್ನು ಚುಚ್ಚಿಕೊಂಡೇ ಬಸ್ಸು ಹತ್ತಿದಳು, ಸಮಯ ಆಯಿತು, ಶುರು ಮಾಡಿ, ಎನ್ನುತ್ತಾರೆ ಮೇಡಂ, ಬಾಯಿ ತೆರೆಯುತ್ತೇನೆ, ನನ್ನ ಅಜ್ಜ, ನಿವೃತ್ತ, ಅಲ್ಲ, ನನ್ನ ಅಜ್ಜಿ — ದುಪಟ್ಟಾದ ಅಂಚು, ಪಿನ್ನು, ಹಳದಿ ಚೀಟಿ, ಖಾಲಿ