ತಾಯಿಯ ಹೆಸರಿನ ಜಾಗ

ನಕೋದರ ಪಟ್ಟಣದ ವೀಸಾ ಏಜೆಂಟ್ ಭುಲ್ಲರ್ ಎರಡು ಕಾಗದಗಳನ್ನು ಮೇಜಿನ ಮೇಲಿಟ್ಟ. ಜನನ ಪ್ರಮಾಣಪತ್ರದಲ್ಲಿ ಅವನೀತಳ ತಾಯಿ ಬಲಜಿಂದರ್ ಕೌರ್. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಚರಣಜೀತ್ ಕೌರ್.

"ಒಂದು ಹುಡುಗಿಗೆ ಇಬ್ಬರು ತಾಯಂದಿರು ಅಂದ್ರೆ ಆಸ್ಟ್ರೇಲಿಯಾದವರು ಒಪ್ತಾರಾ, ಬೆಹನ್‌ಜೀ?"

ಎದುರಿಗೆ ಕೂತಿದ್ದ ಚರಣಜೀತಳಿಗೆ ಮೈ ಉರಿಯಿತು. ಹೆತ್ತವಳು ಓರಗಿತ್ತಿ ಬಲಜಿಂದರ್, ನಿಜ. ಗಂಡ ಸತ್ತು, ಮಕ್ಕಳಿಲ್ಲದೆ ಕೂತಿದ್ದ ಚರಣಜೀತಳ ಮಡಿಲಿಗೆ ಹನ್ನೊಂದು ದಿನದ ಕೂಸನ್ನು ಹಾಕಿದವಳೂ ಅವಳೇ. ಗುರುದ್ವಾರದಲ್ಲಿ ಅರ್ದಾಸ್ ಪ್ರಾರ್ಥನೆ ಆಗಿತ್ತು, ಬೀದಿಗೆಲ್ಲ ಲಡ್ಡು ಹಂಚಿದ್ದಾಗಿತ್ತು. ಅಷ್ಟಾದ ಮೇಲೆ ಕಾಗದ ಯಾರಿಗೆ ಬೇಕಿತ್ತು? ಶಾಲೆಗೆ ಸೇರಿಸುವಾಗ ತಂದೆಯ ಜಾಗದಲ್ಲಿ ಭಾವನ ಹೆಸರೇ ಇರಲಿ ಎಂದಿದ್ದಳು. ತಾಯಿಯ ಜಾಗವನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಈಗ ಅಫಿಡವಿಟ್ಟಿಗೆ ಸಹಿ ಹಾಕಬೇಕು: ಅವನೀತ್ ನನ್ನ ಮಗಳಲ್ಲ, ಭಾವನ ಮಗಳು, ಶಾಲೆಯಲ್ಲಿ ನನ್ನ ಹೆಸರು ತಪ್ಪಾಗಿ ನಮೂದಾಗಿದೆ.

'ತಪ್ಪಾಗಿ' ಎಂಬಲ್ಲಿಗೆ ಬಂದಾಗ ಅವಳ ಕಣ್ಣು ಅಲ್ಲೇ ನಿಂತಿತು.

"ಬೇಡ ಬಿಡು ಮಮ್ಮಿ, ಇಲ್ಲೇ ಓದ್ತೀನಿ," ಎಂದಳು ಪಕ್ಕದಲ್ಲಿ ಕೂತಿದ್ದ ಅವನೀತ್.

"ಬಾಯ್ಮುಚ್ಚೇ. ಮೂರು ಸಲ ಪರೀಕ್ಷೆ ಕಟ್ಟಿ ಇಂಗ್ಲಿಷ್ ಪಾಸು ಮಾಡಿದ್ದು ಇಲ್ಲಿ ಕೂತು ರೊಟ್ಟಿ ತಟ್ಟೋಕಾ?" ಎನ್ನುತ್ತಲೇ ಚರಣಜೀತ್ ಸಹಿ ಹಾಕಿಬಿಟ್ಟಳು.

"ಇನ್ನೊಂದು ಮಾತು ಪುತ್ತರ್," ಎಂದ ಭುಲ್ಲರ್, ಮಗಳಿಗೆ ಹೇಳುವಂತೆ ಅವನೀತಳತ್ತ ತಿರುಗಿ. "ಯಾವತ್ತು ಬೇಕಾದ್ರೂ ವೀಸಾ ಆಫೀಸಿಂದ ಫೋನ್ ಬರಬಹುದು. ಮನೇಲಿ ಯಾರ್‍ಯಾರು ಅಂತ ಕೇಳ್ತಾರೆ. ಬಾಯ್ತಪ್ಪಿ ಇವರನ್ನ ಮಮ್ಮಿ ಅಂದ್ಯೋ, ಕಥೆ ಮುಗೀತು. ಚಾಚಿ ಅನ್ನು."

ಚಾಚಿ. ಚಿಕ್ಕಮ್ಮ. ಮನೆಗೆ ಬಂದವಳೇ ಚರಣಜೀತ್ ಪಾಠ ಶುರು ಮಾಡಿದಳು.

"ನೀನು ಯಾರ ಜೊತೆ ಇರೋದು?"

"ನಮ್ಮ ಮಮ್ಮಿ..."

"ಥೂ ನಿನ್ನ! ಮತ್ತೆ ಹೇಳು."

ಹುಡುಗಿ ಹಿಟ್ಟು ನಾದುತ್ತಾ ಹೇಳಿದಳು, ಎಮ್ಮೆಗೆ ನೀರಿಡುತ್ತಾ ಹೇಳಿದಳು. ಮಮ್ಮಿ ಎಂದು ಕರೆದರೆ ಚರಣಜೀತ್ ಓಗೊಡುವುದನ್ನೇ ಬಿಟ್ಟಳು. ಅವನೀತ್ ಅವಳೆದುರಿಗೇ ಅತ್ತಳು. ಚರಣಜೀತ್ ದನದ ಕೊಟ್ಟಿಗೆಗೆ ಹೋಗಿ ಅತ್ತು ಬಂದಳು.

ಮೂರನೇ ವಾರ ಫೋನ್ ಬಂತು. ಅವನೀತ್ ಎಲ್ಲೂ ತಡವರಿಸಲಿಲ್ಲ. ವೀಸಾ ಆಯಿತು. ಬಲಜಿಂದರ್ ಓಡಿಬಂದು ಇಬ್ಬರನ್ನೂ ತಬ್ಬಿಕೊಂಡಳು.

ಹೊರಡುವ ದಿನ ಬೆಳಿಗ್ಗೆ ಒಳಗಿನಿಂದ ಅವಸರದ ಕೂಗು ಕೇಳಿತು. "ಚಾಚಿ, ನನ್ನ ಬಿಳಿ ದುಪಟ್ಟಾ ಎಲ್ಲಿಟ್ಟೆ?"

ಫೋನ್ ಇರಲಿಲ್ಲ, ಪಾಠವೂ ಇರಲಿಲ್ಲ. ತಾನು ಏನಂದೆನೆಂಬುದು ಹುಡುಗಿಗೇ ಗೊತ್ತಾಗಲಿಲ್ಲ.

ಚರಣಜೀತಳ ಎದೆ ಒಡೆದುಹೋಯಿತು. ತಿದ್ದಬಹುದಿತ್ತು. ಒಂದು ಸಲ, ಒಂದೇ ಒಂದು ಸಲ ಮಮ್ಮಿ ಅನ್ನು ಎಂದು ಕೇಳಬಹುದಿತ್ತು. ಆದರೆ ವಿಮಾನ ಇಳಿದ ಮೇಲೆ ಅಲ್ಲಿಯ ಅಧಿಕಾರಿಗಳೂ ಕೇಳಿದರೆ?

"ಇಸ್ತ್ರಿ ಮಾಡಿಟ್ಟಿದೀನಿ, ಪುತ್ತರ್," ಎಂದಳು.