ಟವೆಲ್ಲು ಎತ್ತದ ಕರಬಸಪ್ಪ

ಸವಣೂರಿನಲ್ಲಿ ಫುಟ್‌ಬಾಲಿನ ಬಗ್ಗೆ ಮಾತಾಡಬೇಕಾದರೆ ಫುಟ್‌ಬಾಲ್ ಆಡಿರಲೇಬೇಕೆಂಬ ನಿಯಮವೇನೂ ಇಲ್ಲ. ಇದ್ದಿದ್ದರೆ ಮೋತಿ ಕ್ಲಬ್ಬಿನ ಮೈದಾನದ ಕಟ್ಟೆ ಎಂದೋ ಬಿಕೋ ಎನ್ನುತ್ತಿತ್ತು. ಆ ಕಟ್ಟೆಯ ಮೇಲೆ ಬೇವಿನ ಮರಕ್ಕೆ ಬೆನ್ನು ಕೊಟ್ಟು ಕೂರುವ ಜಾಗ ಕರಬಸಪ್ಪನದು. ವೀಳ್ಯದ ಎಲೆತೋಟದ ಯಜಮಾನ, ಊರಿನಲ್ಲಿ ಮಾತಿಗೆ ತೂಕ ಇದ್ದವನು, ಜೀವಮಾನದಲ್ಲಿ ಒಮ್ಮೆಯೂ ಚೆಂಡಿಗೆ ಕಾಲು ತಾಗಿಸಿದವನಲ್ಲ. ಆದರೂ ಅವನನ್ನು ಕೇಳದೆ ಮೋತಿ ಕ್ಲಬ್ಬಿನಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ.

ಅಲ್ಲಿಯ ಪದ್ಧತಿಯೇ ಹಾಗಿತ್ತು. ಅರ್ಧ ಆಟದ ಸೀಟಿ ಬಿದ್ದ ಕೂಡಲೇ ಆಟಗಾರರು ಕಟ್ಟೆಯ ಕೆಳಗೆ ಬಂದು ಕೂರಬೇಕು. ಕಟ್ಟೆಯ ಮೇಲಿನವರು ಕೆಳಗಿಳಿದು, ಉಪ್ಪು ಹಚ್ಚಿದ ನಿಂಬೆಹೋಳು ಹಂಚುತ್ತ, ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳಬೇಕು. ಒಬ್ಬ ಮುಂದೆ ನುಗ್ಗು ಎಂದರೆ ಇನ್ನೊಬ್ಬ ಹಿಂದೆ ಸರಿ ಎನ್ನುವನು. ಮ್ಯಾನೇಜರ್ ಎನಿಸಿಕೊಂಡ ಪ್ರಾಣಿ ನೀರಿನ ಕ್ಯಾನ್ ಹಿಡಿದು ಹಿಂದೆ ನಿಂತಿರುವನು. ಕೊನೆಗೆ ಎಲ್ಲರೂ ಕರಬಸಪ್ಪನ ಮುಖ ನೋಡುವರು, ಅವನು ಹೇಳಿದ್ದೇ ಅಖೈರು.

ಪೆನಾಲ್ಟಿ ಸಿಕ್ಕರಂತೂ ಮುಗಿದೇ ಹೋಯಿತು. ಕರಬಸಪ್ಪ ಹೆಗಲ ಮೇಲಿನ ಟವೆಲ್ಲು ಎತ್ತಿ ಯಾರ ಕಡೆ ಬೀಸುವನೋ ಅವನೇ ಒದೆಯಬೇಕು. ಎಲೆತೋಟದಲ್ಲಿ ದೂರದ ಆಳುಗಳನ್ನು ಅವನು ಕರೆಯುತ್ತಿದ್ದುದು ಹಾಗೆಯೇ. ಒಮ್ಮೆ ಹುರುಪಿನಲ್ಲಿ ಮೈದಾನದಲ್ಲೂ ಬೀಸಿದ, ಗೋಲಾಯಿತು, ಅಂದಿನಿಂದ ಅದು ಶಾಸ್ತ್ರವಾಗಿ ಕೂತಿತು. ಆಫ್‌ಸೈಡ್ ಎಂದರೇನು ಎಂದು ಯಾರಾದರೂ ಕೇಳಿಬಿಟ್ಟಾರೆಂದು ಒಳಗೊಳಗೇ ಹೆದರುವ ಮನುಷ್ಯನ ಮೇಲೆ ಇಷ್ಟೊಂದು ಭಾರ ಹೊರಿಸಿದ್ದರು. ಬೇಡ ಎನ್ನಲು ಅವನಿಗೂ ಬಾಯಿ ಬರಲಿಲ್ಲ. ದೊಡ್ಡಸ್ತಿಕೆ ಯಾರಿಗೆ ಬೇಡ?

ಹೋದ ವರ್ಷ ಹಾನಗಲ್ಲಿನಲ್ಲಿ ಹಿರೇಕೆರೂರಿನವರ ಎದುರು ಫೈನಲ್ ನಡೆದಾಗ ಇದೆಲ್ಲ ಕುತ್ತಿಗೆಗೆ ಬಂತು. ಆಟ ಮುಗಿಯುವ ಹೊತ್ತಿಗೆ ಮೋತಿ ಕ್ಲಬ್ಬಿಗೆ ಪೆನಾಲ್ಟಿ ಸಿಕ್ಕಿತು. ಕರಬಸಪ್ಪ ತನ್ನ ಅಕ್ಕ ಹೊನ್ನವ್ವನ ಮಗ ಮಾಲತೇಶನ ಕಡೆ ಟವೆಲ್ಲು ಬೀಸಿದ. ಮಾಲತೇಶನ ಮೀನಖಂಡ ಹಿಡಿದುಕೊಂಡಿತ್ತು. ಅವನು ಕಾಲು ನೀವಿಕೊಳ್ಳುತ್ತ ಬೇಡವೆಂದು ತಲೆ ಅಲ್ಲಾಡಿಸಿದ. ಕರಬಸಪ್ಪ ಅದನ್ನು ನೋಡಿದ, ನೋಡಿಯೂ ಮತ್ತೆ ಬೀಸಿದ. ಸ್ವಂತ ಅಳಿಯನೇ ಕಪ್ಪು ಗೆದ್ದುಕೊಟ್ಟ ಎನ್ನಿಸಿಕೊಳ್ಳುವ ಆಸೆ ಆ ಗಳಿಗೆಯಲ್ಲಿ ಅವನ ಕಣ್ಣು ಕಟ್ಟಿತ್ತು. ಚೆಂಡು ಗೋಲಿನ ಅಡ್ಡಪಟ್ಟಿಯ ಮೇಲಿಂದ ಹಾರಿ ಹೋಯಿತು, ಅದರೊಂದಿಗೆ ಕಪ್ಪೂ.

ಊರು ಮಾಲತೇಶನಿಗೆ ಬಾಯಿಗೆ ಬಂದಂತೆ ಬೈದಿತು. ಉಳಿದ ಬೈಗುಳ ಮ್ಯಾನೇಜರನ ಪಾಲಿಗೆ ಬಂತು, ಪಾಪದವನು ಕೈಮುಗಿದು ಕ್ಲಬ್ ಬಿಟ್ಟ. ಕರಬಸಪ್ಪನಿಗೆ ಮಾತ್ರ ಯಾರೂ ಒಂದು ಮಾತು ಅನ್ನಲಿಲ್ಲ. ಅವನೂ ಬಾಯಿ ಬಿಡಲಿಲ್ಲ. ಹುಡುಗ ತಲೆ ಅಲ್ಲಾಡಿಸಿದ್ದನ್ನು ಕಂಡವನು ತಾನೊಬ್ಬನೇ ಎಂದು ಅವನಿಗೆ ಗೊತ್ತಿತ್ತು. ಮಾಲತೇಶ ಅಂದಿನಿಂದ ಸೋದರಮಾವನ ಮನೆಯ ಮೆಟ್ಟಿಲು ಹತ್ತಲಿಲ್ಲ. ಶಿಗ್ಗಾಂವಿಯ ಕಾಳಿನ ಅಂಗಡಿಯಲ್ಲಿ ಕೆಲಸ ಮುಗಿಸಿ ಬಸ್ಸಿಳಿದು ಬರುವಾಗ ಕರಬಸಪ್ಪ ಎದುರಾದರೆ ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದ. ಹೊನ್ನವ್ವ ಹಬ್ಬಕ್ಕೆ ಹೋಳಿಗೆ ಕಳಿಸಿದರೆ ಅದನ್ನು ತರುವವರು ಬೇರೆ ಯಾರೋ. ಕೂಸಿದ್ದಾಗ ಹೆಗಲ ಮೇಲೆ ಕೂರಿಸಿಕೊಂಡು ತೋಟ ಸುತ್ತಿಸಿದ ಹುಡುಗ ಹೀಗೆ ಮುಖ ತಿರುಗಿಸುವುದನ್ನು ನೋಡಿ ಕರಬಸಪ್ಪನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಹೊಸ ಮ್ಯಾನೇಜರ್ ಬರುತ್ತಾರೆಂಬ ಸುದ್ದಿ ಕೇಳಿದಾಗ ಅವನಿಗೆ ಮೊದಲು ಹೊಳೆದದ್ದು ಇದೇ. ಬರುವವರೂ ತನ್ನ ಮುಖವನ್ನೇ ನೋಡುತ್ತಾರೆ, ಮತ್ತೆ ಪೆನಾಲ್ಟಿ ಸಿಗುತ್ತದೆ, ಕಟ್ಟೆ ಟವೆಲ್ಲು ಎತ್ತು ಎನ್ನುತ್ತದೆ, ಕೈ ತಾನಾಗಿಯೇ ಏಳುತ್ತದೆ. ಈ ಸಲ ಹಾಗೇನಾದರೂ ಆದರೆ ಹುಡುಗ ಜನ್ಮಕ್ಕೆ ಕೈತಪ್ಪಿದಂತೆಯೇ ಎಂದು ಅವನು ನಂಬಿದ್ದ.

ಬಂದವಳು ಮೃಣಾಲಿನಿ. ಶಿಗ್ಗಾಂವಿಯ ಕಾಲೇಜೊಂದರಲ್ಲಿ ಆಟ ಕಲಿಸುವ ಟೀಚರು, ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವಳು, ಮಠದ ಓಣಿಯ ಆಚಾರ್ಯರ ಮನೆತನದವಳು. ಕಟ್ಟೆ ಇದನ್ನೆಲ್ಲ ಅವಳು ಬಸ್ಸಿನಿಂದ ಇಳಿಯುವ ಮೊದಲೇ ತಿಳಿದುಕೊಂಡಿತ್ತು, ತೀರ್ಪನ್ನೂ ಕೊಟ್ಟಾಗಿತ್ತು. ಹೆಣ್ಣುಮಗಳ ಮಾತು ಈ ಗೂಳಿಗಳು ಕೇಳುತ್ತಾರೆಯೇ ಎಂದು ಕೆಲವರು, ಪಂಚಾಂಗ ನೋಡಿ ಟೀಮ್ ಆರಿಸುತ್ತಾಳೋ ಎಂದು ಇನ್ನು ಕೆಲವರು. ಅವಳು ಬಂದ ದಿನ ಹಾರ ಹಾಕಿಸಿಕೊಳ್ಳಲಿಲ್ಲ, ಭಾಷಣ ಮಾಡಲಿಲ್ಲ. ಆಟಗಾರರನ್ನು ಸಾಲಾಗಿ ನಿಲ್ಲಿಸಿ ಮೈದಾನದ ಕಲ್ಲು ಆರಿಸಲು ಹಚ್ಚಿದಳು, ತಾನೂ ಬಗ್ಗಿ ಆರಿಸಿದಳು. ಕಲ್ಲು ಆರಿಸುವುದಕ್ಕೆ ಮ್ಯಾನೇಜರ್ ಯಾಕೆ ಬೇಕಿತ್ತು ಎಂದು ಕಟ್ಟೆ ಗೊಣಗಿತು. ಆದರೆ ಮರುವಾರದಿಂದ ಯಾರ ಮೊಣಕಾಲೂ ತರಚಲಿಲ್ಲ ಎಂಬುದನ್ನು ಕಟ್ಟೆಯೇ ಗಮನಿಸಿ ಸುಮ್ಮನಾಯಿತು.

ಮೊದಲು ಪಕ್ಷ ಬದಲಿಸಿದವನು ದಿಲಾವರ. ಕುರುಕಲು ಖಾರದ ಅಂಗಡಿಯವನು, ಕರಬಸಪ್ಪನ ಬಾಲ್ಯದ ಗೆಳೆಯ, ಹೊಗಳುವುದಕ್ಕೂ ಬೈಯುವುದಕ್ಕೂ ಒಂದೇ ದನಿ ಇದ್ದವನು. ಮೃಣಾಲಿನಿಯನ್ನು ಪರೀಕ್ಷಿಸಲೆಂದೇ ಒಂದು ಪೊಟ್ಟಣ ಸವಣೂರು ಖಾರ ಕೊಟ್ಟ. ಅವಳು ತಿಂದು, ಚಲೋ ಅದ, ಆದರೆ ನಮ್ಮ ಮನೆಯಲ್ಲಿ ಇದಕ್ಕಿಂತ ಖಾರ ತಿನ್ನುತ್ತೇವೆ ಎಂದಳಂತೆ. ಅಂದಿನಿಂದ ಅವಳ ಬಗ್ಗೆ ಯಾರು ಕೊಂಕು ತೆಗೆದರೂ ದಿಲಾವರ ಅವರ ಮೈಮೇಲೆ ಏರಿ ಹೋಗುತ್ತಿದ್ದ.

ನಿಜವಾದ ಗದ್ದಲ ಎದ್ದದ್ದು ಶಿಗ್ಗಾಂವಿಯವರ ಜೊತೆಗಿನ ಮೊದಲ ಪಂದ್ಯದಲ್ಲಿ. ಅರ್ಧ ಆಟದ ಸೀಟಿ ಬಿತ್ತು. ಕಟ್ಟೆಯವರು ನಿಂಬೆಹೋಳಿನ ತಾಟು ಹಿಡಿದು ಕೆಳಗಿಳಿದರೆ ಆಟಗಾರರೇ ಇಲ್ಲ. ಮೃಣಾಲಿನಿ ಅವರನ್ನು ಮೈದಾನದ ಆಚೆ ಬದಿಗೆ, ಕೆರೆಯ ಏರಿಯ ಬುಡಕ್ಕೆ ಕರೆದುಕೊಂಡು ಹೋಗಿ ಕೂರಿಸಿದ್ದಳು. ಅಡ್ಡ ದಾಟಿ ಹೋಗೋಣವೆಂದರೆ ರೆಫರಿ ಇನಾಯತ ಕಡ್ಡಿ ಮುರಿದಂತೆ ಹೇಳಿದ, ಮೈದಾನದೊಳಗೆ ಯಾರ ಕಾಲು ಬಿದ್ದರೂ ಆಟ ನಿಲ್ಲಿಸುತ್ತೇನೆ ಎಂದು. ಸರಿ, ಸುತ್ತು ಹಾಕಿಯೇ ಹೊರಟರು. ಗೋಲಿನ ಹಿಂದೆ ಜಾಲಿಮುಳ್ಳು, ಅದನ್ನು ದಾಟಿದರೆ ಕೆಸರಿನ ಕಾಲುವೆ. ಹೊಟ್ಟೆಯವರು ಏದುಸಿರು ಬಿಡುತ್ತ, ಮೊಣಕಾಲು ನೋವಿನವರು ಕುಂಟುತ್ತ, ಬುದ್ಧಿಮಾತುಗಳನ್ನೆಲ್ಲ ಬಾಯಲ್ಲಿ ಇಟ್ಟುಕೊಂಡು ಇನ್ನೇನು ಮುಟ್ಟಬೇಕು ಎನ್ನುವಾಗ ಆಟ ಶುರುವಿನ ಸೀಟಿ ಬಿತ್ತು. ನಿಂಬೆಹೋಳು ಅವರೇ ಚೀಪಿಕೊಂಡು ವಾಪಸು ಬಂದರು.

ಆಟ ಮುಗಿದ ಮೇಲೆ ಕಟ್ಟೆಯ ಪರವಾಗಿ ಕರಬಸಪ್ಪನೇ ಕೇಳಬೇಕೆಂದು ಎಲ್ಲರೂ ಅವನನ್ನು ಮುಂದೆ ತಳ್ಳಿದರು. ಅವನು ಗಂಟಲು ಸರಿ ಮಾಡಿಕೊಂಡ. ಮೃಣಾಲಿನಿ ಅವನಿಗೆ ಮಾತಿನ ತ್ರಾಸು ಕೊಡಲಿಲ್ಲ.

“ಕಾಕಾ, ನೀವು ಆರಾಮ ಆಟ ನೋಡ್ರಿ. ಆಡಸೋ ತಾಪತ್ರಯ ನನಗಿರಲಿ.”

ಕಟ್ಟೆ ಕೆಂಡವಾಯಿತು. ಹಿರಿಯರ ಮಾನ ಹೋಯಿತು ಎಂದರು, ಮುಂದಿನ ಪಂದ್ಯಕ್ಕೆ ಯಾರೂ ಬರಬಾರದು ಎಂದರು. ಹಾಗೆ ಅಂದವರೇ ಮರುದಿನ ಅಭ್ಯಾಸ ನೋಡಲು ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದರು, ಅದು ಬೇರೆ ಮಾತು. ಕರಬಸಪ್ಪನೂ ಎಲ್ಲರ ಜೊತೆ ಹೌದು ಹೌದು ಎಂದು ತಲೆಯಾಡಿಸಿದ. ಆದರೆ ತೋಟಕ್ಕೆ ನಡೆದು ಹೋಗುವಾಗ ಅವನಿಗೊಂದು ವಿಚಿತ್ರ ಅರಿವಾಯಿತು. ಇಷ್ಟು ವರ್ಷಗಳಲ್ಲಿ ಅವನು ಉತ್ತರಾರ್ಧದ ಆಟವನ್ನು ಕಣ್ಣುತುಂಬ ನೋಡಿದ್ದು ಇವತ್ತೇ. ಉಳಿದ ದಿನಗಳಲ್ಲಿ ತಾನು ಹೇಳಿದ್ದು ಎಲ್ಲಿ ಕೈಕೊಡುವುದೋ ಎಂದು ಹೆದರುತ್ತ ಕೂತದ್ದೇ ಆಗಿತ್ತು. ಆರಾಮ ಎಂದಿದ್ದಳಲ್ಲ ಹುಡುಗಿ, ಆ ಮಾತು ಅವನಿಗೆ ಬಹಳ ರುಚಿಸಿತು. ಯಾರ ಮುಂದೆಯೂ ಹೇಳಲಿಲ್ಲ ಅಷ್ಟೆ.

ಹಿರೇಕೆರೂರಿನವರು ಸೆಮಿಫೈನಲ್ ಆಡಲು ಸವಣೂರಿಗೆ ಬಂದ ದಿನ ಊರಿಗೆ ಊರೇ ಮೈದಾನದಲ್ಲಿತ್ತು. ಕರಬಸಪ್ಪ ಟವೆಲ್ಲನ್ನು ಮನೆಯಲ್ಲೇ ಬಿಟ್ಟು ಬರಲು ನೋಡಿದ. ಬಾಗಿಲಲ್ಲಿ ಹೆಂಡತಿ ಹಿಡಿದಳು. ಬರಿ ಹೆಗಲಿನಲ್ಲಿ ಹೋದರೆ ಜನ ಏನಂದಾರು ಎಂದು ತಾನೇ ಹೊದಿಸಿ ಕಳಿಸಿದಳು. ಕಟ್ಟೆಗೆ ಬಂದವನೇ ಅದನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿಕೊಂಡು ಅದರ ಮೇಲೆ ಕೂತುಬಿಟ್ಟ.

ಆಟ ಜೋರಾಗಿ ನಡೆಯಿತು. ಮೋತಿ ಕ್ಲಬ್ಬಿನವರು ಈಗ ಚೆಂಡಿನ ಹಿಂದೆ ಹಿಂಡಾಗಿ ಓಡುತ್ತಿರಲಿಲ್ಲ, ಅವರವರ ಜಾಗದಲ್ಲಿ ನಿಂತು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ಕಟ್ಟೆಗೆ ಇದು ಹೊಸದು. ಉತ್ತರಾರ್ಧದಲ್ಲಿ ಮಾಲತೇಶ ಕೊಟ್ಟ ಚೆಂಡಿನಿಂದ ಒಂದು ಗೋಲೂ ಬಂತು. ಇಡೀ ಕಟ್ಟೆ ಎದ್ದು ಕುಣಿಯಿತು, ಕರಬಸಪ್ಪನೂ ಕುಣಿದು ಮತ್ತೆ ಟವೆಲ್ಲಿನ ಮೇಲೆಯೇ ಕೂತ. ಆಟ ಮುಗಿಯಲು ಬಂದಾಗ ಹಿರೇಕೆರೂರಿನವನೊಬ್ಬ ತಮ್ಮ ಗೋಲಿನ ಮುಂದೆ ಮೋತಿ ಕ್ಲಬ್ಬಿನ ಆಟಗಾರನನ್ನು ಕಾಲು ಅಡ್ಡ ಕೊಟ್ಟು ಬೀಳಿಸಿದ. ಇನಾಯತ ಸೀಟಿ ಊದಿ ಪೆನಾಲ್ಟಿ ಎಂದು ಕೈ ತೋರಿಸಿದ.

ಕಟ್ಟೆಯ ಕಣ್ಣೆಲ್ಲ ಕರಬಸಪ್ಪನ ಮೇಲೆ ಬಿತ್ತು. ಯಾರೋ ಬೆನ್ನು ತಟ್ಟಿ ಟವೆಲ್ ಎತ್ತು ಎಂದರು. ಮೈದಾನದಲ್ಲಿದ್ದ ಒಂದಿಬ್ಬರು ಆಟಗಾರರೂ ಹಳೆಯ ರೂಢಿಯಿಂದ ಈ ಕಡೆ ನೋಡಿದರು. ಮಾಲತೇಶನೂ ನೋಡಿದ. ಎಷ್ಟೋ ತಿಂಗಳ ಮೇಲೆ ಮಾವ ಅಳಿಯ ಕಣ್ಣಿಗೆ ಕಣ್ಣು ಕೊಟ್ಟದ್ದು ಆಗಲೇ. ಕರಬಸಪ್ಪನ ಬಲಗೈ ತನ್ನಷ್ಟಕ್ಕೆ ತಾನೇ ಏಳತೊಡಗಿತ್ತು. ಅವನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸೇರಿಸಿ, ಮೈಯ ಭಾರವನ್ನೆಲ್ಲ ಹಾಕಿ ಕೂತ. ನೆಲ ನೋಡಿದ. ಬೆನ್ನು ತಟ್ಟುವವರು ತಟ್ಟುತ್ತಲೇ ಇದ್ದರು.

ಆಚೆ ಬದಿಯಿಂದ ಮೃಣಾಲಿನಿಯ ದನಿ ಕೇಳಿತು. ಮಾಲತೇಶ ಎಂದು ಒಂದೇ ಸಲ ಕರೆದಳು.  ಕರಬಸಪ್ಪ ತಲೆ ಎತ್ತಿ ನೋಡಿದರೆ ಹುಡುಗ ಬೇಡ ಎನ್ನಲಿಲ್ಲ. ಕೈ ಎತ್ತಿ ಹ್ಞೂಂ ಎಂದು ಚೆಂಡು ಎತ್ತಿಕೊಂಡ, ಇಟ್ಟ, ಹಿಂದೆ ಸರಿದ, ಓಡಿ ಬಂದು ಒದ್ದ. ಹಿರೇಕೆರೂರಿನ ಗೋಲ್‌ಕೀಪರ್ ಎಡಕ್ಕೆ ಹಾರಿ ಹಿಡಿದುಬಿಟ್ಟ.

ಕರಬಸಪ್ಪ ಮತ್ತೆ ಹಾನಗಲ್ಲಿನ ಕತೆಯೇ ಆಯಿತು ಎಂದುಕೊಂಡ. ಆದರೆ ಮೃಣಾಲಿನಿ ಚಪ್ಪಾಳೆ ತಟ್ಟುತ್ತಿದ್ದಳು, ಹಿಂದಕ್ಕೆ ಓಡು ಎಂದು ಕೈ ಮಾಡುತ್ತಿದ್ದಳು. ಮಾಲತೇಶ ತಲೆ ಹಿಡಿದುಕೊಂಡು ನಿಲ್ಲಲಿಲ್ಲ, ತಿರುಗಿ ಓಡಿದ. ಆಟ ಇನ್ನೂ ಕೆಲವು ನಿಮಿಷ ಉಳಿದಿತ್ತು. ಹಿರೇಕೆರೂರಿನವರು ಏರಿ ಏರಿ ಬಂದರು. ಅವರ ಕೊನೆಯ ಚೆಂಡನ್ನು ಗೋಲಿನ ಬಾಯಿಂದ ಆಚೆಗೆ ಒದ್ದವನು ಮಾಲತೇಶನೇ. ಸೀಟಿ ಬಿತ್ತು, ಮೋತಿ ಕ್ಲಬ್ ಒಂದು ಗೋಲಿನಿಂದ ಗೆದ್ದಿತ್ತು.

ಗೆದ್ದರೂ ಗೊಣಗದಿದ್ದರೆ ಅದು ಕಟ್ಟೆ ಹೇಗಾದೀತು? ಮತ್ತೆ ಅವನ ಕೈಗೇ ಪೆನಾಲ್ಟಿ ಕೊಡಬೇಕಿತ್ತೇ, ಹೋದ ವರ್ಷ ಕಪ್ಪು ಕಳೆದದ್ದು ಸಾಲದೆ, ಇವತ್ತೂ ಜೀವ ಬಾಯಿಗೆ ಬಂದಿತ್ತಲ್ಲ ಎಂದು ಶುರುವಾಯಿತು. ಆಟಗಾರರು ಕಟ್ಟೆಯ ಬಳಿ ಇಟ್ಟಿದ್ದ ಚೀಲ ತೆಗೆದುಕೊಳ್ಳಲು ಬಂದಿದ್ದರು. ಮಾಲತೇಶ ಎಲ್ಲ ಕೇಳಿಸಿಕೊಳ್ಳುತ್ತ, ಬೆನ್ನು ತಿರುಗಿಸಿ ಬೂಟು ಬಿಚ್ಚುತ್ತಿದ್ದ. ಮೃಣಾಲಿನಿ ನೇರವಾಗಿ ಕಟ್ಟೆಯ ಮುಂದೆ ಬಂದು ನಿಂತಳು.

“ಅವಗ ಹೊಡಿ ಅಂತ ಹೇಳಿದಾಕಿ ನಾನು. ಬೈಯೋದಿದ್ರ ನನಗ ಬೈರಿ. ಅವಗ ಒಂದು ಮಾತೂ ಅನಬ್ಯಾಡ್ರಿ.”

ದನಿ ಏರಿಸಲಿಲ್ಲ. ಚೆಂಡಿನ ಚೀಲ ಹೆಗಲಿಗೆ ಹಾಕಿಕೊಂಡು ನಿಂತಳು, ಬೈಯುವವರು ಬೈಯಲಿ ಎಂದು ಕಾದಳು. ಯಾರೂ ಬೈಯಲಿಲ್ಲ. ಕರಬಸಪ್ಪ ಕುಳಿತಲ್ಲೇ ಅದನ್ನು ಕೇಳಿಸಿಕೊಂಡ. ಈ ಮಾತನ್ನು ಹಾನಗಲ್ಲಿನಲ್ಲಿ ತಾನು ಹೇಳಬೇಕಾಗಿತ್ತು. ಇಷ್ಟೇ ಇಷ್ಟು ಮಾತು. ಹೇಳುವುದು ಇಷ್ಟು ಸುಲಭವಿದ್ದಾಗಲೂ ತಾನು ಹೇಳದೆ, ಅಕ್ಕನ ಮಗನನ್ನು ಊರ ಬಾಯಿಗೆ ಕೊಟ್ಟು ಕೂತಿದ್ದನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅವನು ಎದ್ದು ನಿಂತ. ಎಲ್ಲರೂ ವಾಡಿಕೆಯಂತೆ ಅವನ ಮುಖ ನೋಡಿದರು.

“ಹ್ವಾದ ವರ್ಷ ಹಾನಗಲ್ಲಾಗ ಅಂವ ಬ್ಯಾಡ ಅಂದಿದ್ದ. ಕಾಲು ಹಿಡದಿತ್ತು ಅವಂದು. ನಾ ನೋಡಿದ್ದೆ, ನೋಡೀನೂ ಮತ್ತ ಟವೆಲ್ ಬೀಸಿದೆ. ಬೈಬೇಕಾಗಿದ್ದು ನನಗ. ಯಾರೂ ಬೈಲಿಲ್ಲ.”

 ಕೆಲವರು ಮಾಲತೇಶನ ಕಡೆ ನೋಡಿ ಮುಖ ತಗ್ಗಿಸಿದರು. ಹುಡುಗ ತಿರುಗಲಿಲ್ಲ, ಬೂಟಿನ ಲಾಡಿಯ ಮೇಲಿನ ಕೈ ಮಾತ್ರ ನಿಂತಿತ್ತು. ದಿಲಾವರ ಬಾಯಲ್ಲಿದ್ದ ಎಲೆ ಉಗುಳಿ ಬಂದು ಗೆಳೆಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಈಗ ಬೈದ್ರ ನಡೀತೈತೇನು?”

“ನಡೀತೈತಿ” ಎಂದ ಕರಬಸಪ್ಪ.

ದಿಲಾವರನಿಗೆ ಅಷ್ಟು ಸಾಕಾಗಿತ್ತು. ಬೈದ, ಮನಸಾರೆ ಬೈದ. ಆಟದ ಗಂಧಗಾಳಿ ಇಲ್ಲದ ಎಲಿಬಳ್ಳಿ ಮನುಷ್ಯ ಎಂದ. ಆಫ್‌ಸೈಡ್ ಎಂದರೆ ಇವತ್ತಿಗೂ ಇವನಿಗೆ ಗೊತ್ತಿಲ್ಲ, ಕೇಳಿದರೆ ಕೆಮ್ಮುತ್ತಾನೆ ಎಂದ. ಟವೆಲ್ಲು ಬೀಸಿ ಬೀಸಿ ತಾನೇ ನವಾಬನೆಂದು ತಿಳಿದುಕೊಂಡಿದ್ದಾನೆ ಎಂದ. ಹೊನ್ನವ್ವಕ್ಕನ ಮುಖ ನೋಡಿಯಾದರೂ ನಾಲಿಗೆ ಹೊರಳಬಾರದಿತ್ತೇ ಎಂದಾಗ ಅವನ ದನಿ ನಿಜವಾಗಿಯೂ ಗಡುಸಾಯಿತು. ಕರಬಸಪ್ಪ ತಲೆ ಬಗ್ಗಿಸಿ ಒಂದೊಂದನ್ನೂ ಕೇಳಿಸಿಕೊಂಡ. ಒಂದೊಂದು ಬೈಗುಳ ಬಿದ್ದಂತೆಯೂ ಎದೆಯ ಮೇಲಿನ ಭಾರ ಇಳಿಯುತ್ತ ಹೋಯಿತು. ಮೃಣಾಲಿನಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದು ಬಸ್ಸಿನ ಹೊತ್ತಾಯಿತೆಂದು ಮೆಲ್ಲನೆ ಜಾಗ ಬಿಟ್ಟಳು. ಕೊನೆಗೆ ದಿಲಾವರ ಉಸಿರು ತೆಗೆದುಕೊಳ್ಳಲು ನಿಂತ.

“ದಿಲಾವರ ಕಾಕಾ,” ಎಂದ ಮಾಲತೇಶ, ಇನ್ನೂ ತಿರುಗದೆ. “ನಮ್ಮ ಮಾಮಾ ಕಾರ್ನರ್ ಸಿಕ್ರೂ ಗೋಲ್ ಆತು ಅಂತ ಚಪ್ಪಾಳಿ ಹೊಡಿತಾರ. ಅದನ್ನ ಬಿಟ್ರಲ್ಲ.”

ಕಟ್ಟೆ ಗೊಳ್ಳೆಂದು ನಕ್ಕಿತು. ಕರಬಸಪ್ಪನ ಕಿವಿಗೆ ಬಿದ್ದದ್ದು ನಮ್ಮ ಮಾಮಾ ಎಂಬ ಎರಡು ಮಾತು ಮಾತ್ರ. ದಿಲಾವರ ಹೌದಲ್ಲ ಎಂದು ಅದನ್ನೂ ಸೇರಿಸಿಕೊಂಡು ಮೊದಲಿನಿಂದ ಬೈಯಲು ಶುರು ಮಾಡಿದ. ಕರಬಸಪ್ಪ ಬೇವಿನ ಬುಡದಿಂದ ಅಷ್ಟು ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ಕೂತ. ಮಾಲತೇಶ ಬೂಟು ಕೈಯಲ್ಲಿ ಹಿಡಿದು ಕಟ್ಟೆ ಹತ್ತಿ ಬಂದ, ಮಾವನ ಪಕ್ಕದಲ್ಲಿ ಕುಳಿತು ತಾನೂ ಕೇಳತೊಡಗಿದ.